ಓಟಕ್ಕೆ ಮುಂಚಿನ ಊಟ

ಅಕ್ಟೋಬರ್ 6, ಭಾನುವಾರ

ಇವತ್ತು ಇಪ್ಪತ್ತೆಂಟು ಕಿಲೋಮೀಟರ್ ಓಡಿದೆ ಎಂದು ಬರೆದುಕೊಳ್ಳಬಹುದು. ನಿಜ ಹೇಳಬೇಕೆಂದರೆ ಓಡಿದ್ದು ಇಪ್ಪತ್ತನಾಲ್ಕು. ಉಳಿದ ನಾಲ್ಕು ಶೌಚಾಲಯ ಹುಡುಕುತ್ತ ಓಡಿದ್ದು. ಆ ನಾಲ್ಕರಲ್ಲೇ ನನ್ನ ವೇಗ ಚೆನ್ನಾಗಿತ್ತು. ಕೊನೆಗೆ ಒಂದು ಪೆಟ್ರೋಲ್ ಬಂಕಿನವರು ಕೀಲಿ ಕೊಟ್ಟರು.

ಈ ಪುಸ್ತಕ ಕೋಚ್ ಹೇಳಿದ್ದಕ್ಕೆ ತಂದದ್ದು. "ತಿಂದಿದ್ದೆಲ್ಲ ಬರೀರಿ ಸಾರ್, ಒಂದು ಬಿಸ್ಕತ್ತೂ ಬಿಡಬೇಡಿ. ಹೊಟ್ಟೆ ಎಲ್ಲಿ ಕೈಕೊಡ್ತಿದೆ ಅಂತ ಗೊತ್ತಾಗತ್ತೆ," ಎಂದ. ಅವನಿಗೆ ತೋರಿಸಲು ಬೇರೆ ಪಟ್ಟಿ ಇಟ್ಟಿದ್ದೇನೆ, ಅದರಲ್ಲಿ ನಾನು ಸನ್ಯಾಸಿ. ಇದು ನನಗೊಬ್ಬನಿಗೆ.

ನಲವತ್ತೆರಡು ಕಿಲೋಮೀಟರ್ ಓಡಬೇಕೆಂದು ನನಗೇನೂ ಜ್ಞಾನೋದಯವಾಗಿರಲಿಲ್ಲ. ನನಗೆ ಐವತ್ತು ತುಂಬಿದ ವಾರ ಶಾಲೆಯ ಗೆಳೆಯನೊಬ್ಬ ಕೊರಳಿಗೆ ಪದಕ ಹಾಕಿಕೊಂಡ ಫೋಟೊ ಕಳಿಸಿದ. ಡ್ರಿಲ್ ಪೀರಿಯಡ್ ಬಂತೆಂದರೆ ಹೊಟ್ಟೆನೋವು ಎನ್ನುತ್ತಿದ್ದ ಮನುಷ್ಯ. ಅವತ್ತೇ ನಾನೂ ಹೆಸರು ಕೊಟ್ಟೆ. ಹೊಟ್ಟೆಕಿಚ್ಚಿನಿಂದ ಶುರುವಾದದ್ದು ಹತ್ತು ತಿಂಗಳ ಮೇಲೆ ಹೊಟ್ಟೆಗೇ ಬಂದು ನಿಂತಿದೆ. ಓಟ ನವೆಂಬರ್ ಹದಿನೇಳಕ್ಕೆ.

ಹೆಂಡತಿ ಮಗಳ ಹೆರಿಗೆಗೆಂದು ಅವಳ ಊರಿಗೆ ಹೋಗಿ ವಾರವಾಯಿತು. ಬರುವುದು ನವೆಂಬರ್ ಕೊನೆಗೆ. ಅಲ್ಲಿಯವರೆಗೆ ಮನೆಯಲ್ಲಿ ನಾನು, ಅಪ್ಪ, ಫ್ರಿಜ್ಜಿನ ಮೇಲೆ ಅವಳು ಅಂಟಿಸಿ ಹೋದ ಹದಿನಾಲ್ಕು ಸೂಚನೆಗಳು.

ಅಕ್ಟೋಬರ್ 8, ಮಂಗಳವಾರ

ಅಪ್ಪನನ್ನು ಮೂಳೆ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ಬಲಗಡೆ ಸೊಂಟದ ಕೀಲು ಸವೆದಿದೆ. ವಾಕರ್ ಹಿಡಿದು ಮಂಚದಿಂದ ಬಾತ್‌ರೂಮಿಗೆ ಹೋಗಲು ಅವರಿಗೆ ಹನ್ನೊಂದು ನಿಮಿಷ ಬೇಕು. ಹೊಸ ಕೀಲು ಹಾಕಿದರೆ ನಡೆಯುತ್ತಾರೆ, ಹಾಕದಿದ್ದರೆ ಇನ್ನು ಕೆಲವು ತಿಂಗಳಲ್ಲಿ ಹಾಸಿಗೆಯೇ ಗತಿ. ಡಾಕ್ಟರು ಮಾತ್ರ ಕೀಲಿಗಿಂತ ಹೆಚ್ಚು ಹೊತ್ತು ತೂಕದ ಮುಳ್ಳು ನೋಡಿದರು. ನಲವತ್ಮೂರು ಕಿಲೋ.

"ಇವರ ಮೈಯಲ್ಲಿ ಗಾಯ ಮಾಯೋಕೆ ಬೇಕಾದ ಸರಕೇ ಇಲ್ಲ. ನವೆಂಬರ್ ಹತ್ತೊಂಬತ್ತಕ್ಕೆ ಬನ್ನಿ. ನಲವತ್ತಾರು ಆಗಿದ್ರೆ ಆಪರೇಷನ್ ತಾರೀಖು ಕೊಡ್ತೀನಿ. ಆಗದಿದ್ರೆ ನಾನಂತೂ ಕೈ ಹಾಕಲ್ಲ," ಎಂದರು. ಆಮೇಲೆ ಅಪ್ಪನ ಕಡೆ ಬಗ್ಗಿ, "ಯಾಕಜ್ಜಾ, ಊಟ ಮಾಡಲ್ವಾ?" ಎಂದು ಕೇಳಿದರು.

"ಮಾಡ್ತೀನಲ್ಲ," ಎಂದರು ಅಪ್ಪ. "ತಟ್ಟೆ ಬರತ್ತೆ, ಹೋಗತ್ತೆ."

ಅಪ್ಪನ ಊಟದ ವ್ಯವಸ್ಥೆಯಲ್ಲಿ ನಮ್ಮ ಕಡೆಯಿಂದ ಏನೂ ಕೊರತೆಯಿಲ್ಲ. ಏಳು ಗಂಟೆಗೆ ಸರಿಯಾಗಿ ಅವರ ಕೋಣೆಗೆ ತಟ್ಟೆ ಹೋಗುತ್ತದೆ, ಎಲ್ಲ ಮೆತ್ತಗೆ ಬೇಯಿಸಿ ಕಿವುಚಿದ್ದು. ಮುಕ್ಕಾಲು ಗಂಟೆ ಬಿಟ್ಟು ಹಿಂದೆ ಬರುತ್ತದೆ, ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿರುತ್ತದೆ. ನಮ್ಮದು ಒಂಬತ್ತಕ್ಕೆ, ಟೀವಿ ಮುಂದೆ. ಅಪ್ಪನಿಗೆ ಊಟದ ಮೇಜಿನವರೆಗೆ ಬರಲಾಗದೆ ಒಂದೂವರೆ ವರ್ಷವಾಯಿತು, ಅಂದಿನಿಂದ ಇದೇ ಏರ್ಪಾಡು. ಎಲ್ಲರಿಗೂ ಅನುಕೂಲ.

ಕಿವುಚಿದ್ದು ಏಕೆಂದರೆ ಬಾಯಲ್ಲಿ ಹಲ್ಲಿಲ್ಲ. ಹಲ್ಲಿಲ್ಲದ್ದು ಏಕೆಂದರೆ ಹಾಕಿಕೊಳ್ಳುವುದಿಲ್ಲ. ಈ ಊರಿನಲ್ಲಿ ಸಾವಿರಾರು ಜನ ನಾನು ಮಾಡಿದ ಹಲ್ಲಿನಲ್ಲಿ ನಗುತ್ತಿದ್ದಾರೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತೇಳು ವರ್ಷದಿಂದ ಪ್ಲಾಸ್ಟರ್ ದವಡೆಗಳಿಗೆ ಹಲ್ಲು ಜೋಡಿಸುತ್ತಿದ್ದೇನೆ, ಒಂದು ದವಡೆಯೂ ಎದುರಾಡಿಲ್ಲ. ಹೋದ ವರ್ಷ ಅಪ್ಪನಿಗೂ ಮೇಲೆ ಕೆಳಗೆ ಪೂರ್ತಿ ಸೆಟ್ಟು ಮಾಡಿಕೊಟ್ಟೆ. ನಾಲ್ಕು ದಿನ ಹಾಕಿಕೊಂಡು, ತೆಗೆದು ಲೋಟದ ನೀರಿಗೆ ಹಾಕಿ, "ಫಿಟ್ಟಿಂಗ್ ಸರಿಯಿಲ್ಲ," ಎಂದುಬಿಟ್ಟರು. ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದವರು, ಜಗತ್ತಿನಲ್ಲಿ ಯಾವುದರ ಫಿಟ್ಟಿಂಗೂ ಅವರಿಗೆ ಸರಿಬಂದದ್ದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಮತ್ತೆ ಆ ಮಾತೆತ್ತಲಿಲ್ಲ.

ಅಕ್ಟೋಬರ್ 10, ಗುರುವಾರ

ನಾನು ಓಡುತ್ತೇನೆಂದು ತಿಳಿದವರೆಲ್ಲ ನನ್ನ ಹೊಟ್ಟೆಯ ಉಸ್ತುವಾರಿ ವಹಿಸಿಕೊಂಡಿದ್ದಾರೆ. ಔಷಧಿ ಅಂಗಡಿಯವನ ಪ್ರಕಾರ ಹಿಂದಿನ ದಿನ ಉಪವಾಸ ಇರಬೇಕು. ಲಿಫ್ಟಿನಲ್ಲಿ ಸಿಕ್ಕ ಮೇಲಿನ ಮನೆಯಾಕೆಯ ಪ್ರಕಾರ ಆರು ಮೊಟ್ಟೆ ತಿನ್ನಬೇಕು. ಕ್ಲಿನಿಕ್ಕಿನ ವಾಚ್‌ಮನ್ ನೆನೆಸಿದ ಕಾಳು ಹೇಳಿದ. ನೆನೆಸಿದ ಕಾಳು ತಿಂದು ಐದು ಗಂಟೆ ಓಡಿದರೆ ನನ್ನ ಹಿಂದೆ ಯಾರೂ ಬರುವುದಿಲ್ಲ, ಅದೊಂದು ಲಾಭ. ಇವರಲ್ಲಿ ಒಬ್ಬರೂ ಬಸ್ಸಿಗಾಗಿಯಾದರೂ ಓಡಿದವರಲ್ಲ.

ಕೋಚ್ ಹೇಳಿದ್ದು ಬೇರೆ. ನಾರು ಕಡಿಮೆ, ಎಣ್ಣೆ ಕಡಿಮೆ, ಖಾರ ಬೇಡ, ಹಸಿ ತರಕಾರಿ ಬೇಡ. ಬಿಳಿ ಅನ್ನ, ಬಿಳಿ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಗಂಜಿ. ಕೊನೆಯ ಎರಡು ದಿನ ಇದನ್ನೇ ಮಾಮೂಲಿಗಿಂತ ಹೆಚ್ಚು ತಿನ್ನಬೇಕಂತೆ. ಓಟದ ಬೆಳಿಗ್ಗೆ ಮೂರು ಗಂಟೆ ಮುಂಚೆ ತಿಂಡಿ, ಹೊಸದೇನೂ ಬಾಯಿಗಿಡಬಾರದು. "ರಾತ್ರಿ ಊಟ ಏಳಕ್ಕೇ ಮುಗಿಸಿ ಸಾರ್. ಇವತ್ತಿಂದಾನೇ ಅಭ್ಯಾಸ ಮಾಡಿ. ಹೊಟ್ಟೆಗೂ ತರಬೇತಿ ಬೇಕು."

ಪಟ್ಟಿ ಓದಿ ನೋಡಿದರೆ, ಪದಕ ಗೆಲ್ಲುವವರ ಊಟ ಎಂದರೆ ಅಪ್ಪ ದಿನಾ ಹಿಂದೆ ಕಳಿಸುವ ಊಟ.

ಅಕ್ಟೋಬರ್ 14, ಸೋಮವಾರ

ಎರಡು ಅಡಿಗೆ ಮಾಡುವ ತಾಪತ್ರಯ ತಪ್ಪಿತು. ಒಂದೇ ಪಾತ್ರೆ, ಒಂದೇ ಹೊತ್ತು. ಅಪ್ಪನಿಗೆ ತಟ್ಟೆ ಕೊಟ್ಟು ಮತ್ತೆ ಅಡಿಗೆಮನೆಗೆ ಬಂದು ನನ್ನದು ಬಡಿಸಿಕೊಂಡು ಹೋಗಿ ಟೀವಿ ಹಾಕುವಷ್ಟು ಶಕ್ತಿ ಇವತ್ತು ಕಾಲಿಗಿರಲಿಲ್ಲ. ಎರಡು ತಟ್ಟೆಯನ್ನೂ ಒಂದೇ ಸಲ ಒಯ್ದು, ಅವರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತೆ. ಬೇರೇನೂ ವಿಶೇಷ ಕಾರಣವಿಲ್ಲ, ಬರೀ ಸೋಮಾರಿತನ.

ಅಪ್ಪ ನನ್ನ ತಟ್ಟೆ ನೋಡಿದರು. "ನಿಂಗೇನಾಯ್ತು? ನಿಂದೂ ಹಲ್ಲು ಬಿತ್ತಾ?"

"ಓಟಕ್ಕೆ ಅಪ್ಪ. ಇದನ್ನೇ ತಿನ್ನಬೇಕಂತೆ."

"ಯಾರು ಅಟ್ಟಿಸ್ಕೊಂಡು ಬರ್ತಾರೆ?"

"ಯಾರೂ ಇಲ್ಲ. ಸುಮ್ನೆ ಓಡೋದು."

"ಸುಮ್ನೆ ಓಡೋಕೆ ಇಷ್ಟೊಂದು ಅನ್ನ ದಂಡ," ಎಂದು ತಮ್ಮ ತಟ್ಟೆಗೆ ಕೈ ಹಾಕಿದರು. ಹಲ್ಲಿದ್ದೂ ಕಿವುಚಿದ್ದು ತಿನ್ನುವ ಮಗನನ್ನು ನೋಡುವುದು ಅವರಿಗೆ ಟೀವಿಗಿಂತ ಮಜವಾಗಿತ್ತೆಂದು ಕಾಣುತ್ತದೆ, ಕೊನೆಯವರೆಗೂ ನನ್ನನ್ನೇ ನೋಡುತ್ತಿದ್ದರು.

ಅಕ್ಟೋಬರ್ 20, ಭಾನುವಾರ

ಮೂವತ್ತು ಕಿಲೋಮೀಟರ್. ಹೊಟ್ಟೆ ಮಾತಾಡಲಿಲ್ಲ. ಪೆಟ್ರೋಲ್ ಬಂಕಿನ ಮುಂದೆ ಹಾಯುವಾಗ ಅಲ್ಲಿಯವನು ಕೀಲಿ ಎತ್ತಿ ತೋರಿಸಿದ, ಬೇಡ ಎಂದು ಕೈಯಾಡಿಸಿ ರಾಜಗಾಂಭೀರ್ಯದಿಂದ ಮುಂದೆ ಹೋದೆ.

ನನ್ನ ತೂಕ ನೋಡುವ ಯಂತ್ರದ ಮೇಲೆ ಅಪ್ಪನನ್ನೂ ನಿಲ್ಲಿಸಿದೆ. 43.7. ಯಂತ್ರ ಹಳೆಯದು, ಹೆಚ್ಚುಕಮ್ಮಿ ತೋರಿಸುತ್ತದೆ.

ಅಕ್ಟೋಬರ್ 23, ಬುಧವಾರ

ಅನ್ನ, ಆಲೂಗಡ್ಡೆ. ಅಪ್ಪ ನನ್ನ ತಟ್ಟೆಯಿಂದ ಒಂದು ಆಲೂಗಡ್ಡೆ ಎತ್ತಿಕೊಂಡರು. ಕೋಚ್‌ನ ಪಟ್ಟಿಯಲ್ಲಿ ನಾನೇ ತಿಂದೆ ಎಂದು ಬರೆದಿದ್ದೇನೆ.

ಅಕ್ಟೋಬರ್ 29, ಮಂಗಳವಾರ

ನಾನೊಂದು ಕತ್ತೆ. ಇದನ್ನು ಬರೆಯಲು ಸಂಜೆಯಿಂದ ಪೆನ್ನು ಹುಡುಕುತ್ತಿದ್ದೇನೆ, ಪೆನ್ನು ಕಿಸೆಯಲ್ಲೇ ಇತ್ತು.

ಬಾಳೆಹಣ್ಣು ತಿನ್ನುತ್ತಿದ್ದೆವು. ಮಿಲ್ಲಿನಲ್ಲಿ ಒಬ್ಬ ಮೇಸ್ತ್ರಿ ಊಟದ ಡಬ್ಬಿಗೆ ಬೀಗ ಹಾಕಿಕೊಂಡು ಬರುತ್ತಿದ್ದನಂತೆ, ಇವರೆಲ್ಲ ಸೇರಿ ಒಂದು ದಿನ ಅದನ್ನು ಬೆಂಚಿಗೇ ವೆಲ್ಡ್ ಮಾಡಿಬಿಟ್ಟರಂತೆ. ಅಪ್ಪ ಅದನ್ನು ಹೇಳುತ್ತ ಅಗಿಯುತ್ತಿದ್ದರು, ನಾನು ನಗುತ್ತ ಅವರ ಬಾಯಿ ನೋಡುತ್ತಿದ್ದೆ. ಎದುರು ಕೂತರೆ ಬಾಯಿ ನೋಡುವುದು ನನ್ನ ಕಸುಬಿನ ಚಟ. ವಸಡು ವಸಡಿಗೆ ಕೂಡುವಾಗ ಅವರ ಕೆಳದವಡೆ ಹಿಂದೆ, ಕಿವಿಯ ಕಡೆ ಹೋಗಿ ಕೂರುತ್ತದೆ. ನಾನು ಮಾಡಿದ ಸೆಟ್ಟಿನಲ್ಲಿ ಅದು ಎಷ್ಟೋ ಮುಂದಿದೆ.

ಏನಾಯಿತೆಂದು ಅಲ್ಲೇ ಹೊಳೆಯಿತು. ಹಲ್ಲಿಲ್ಲದವರಿಗೆ ಬಾಯಲ್ಲಿ ಹಲ್ಲಿನ ಸಾಲಿನ ಬದಲು ಮೇಣದ ಕಟ್ಟೆ ಇಟ್ಟು "ಕಚ್ಚಿ" ಎಂದರೆ ಗದ್ದ ಮುಂದೆ ಚಾಚಿ ಕಚ್ಚುತ್ತಾರೆ. ಅದಕ್ಕೇ ಡಾಕ್ಟರು ನಾಲಿಗೆ ಮಡಿಸಿ ಹಿಂದೆ ತಗುಲಿಸಲು ಹೇಳಿ, ಗದ್ದ ಹಿಡಿದು, ದವಡೆಯನ್ನು ಅದರ ಜಾಗಕ್ಕೆ ತಂದು ಅಳತೆ ತೆಗೆಯುತ್ತಾರೆ. ಅದು ಡಾಕ್ಟರ ಕೆಲಸ, ನನ್ನ ಕೈಗೆ ಬರುವುದು ಅಳತೆ ಮುಗಿದ ಪ್ಲಾಸ್ಟರು. ಆದರೆ ಮನೆಯಲ್ಲೇ ಹಲ್ಲಿನ ಮಹಾಪಂಡಿತನಿರುವಾಗ ಡಾಕ್ಟರೇಕೆ ಎಂದು, ಹೋದ ವರ್ಷ ಒಂದು ಭಾನುವಾರ ಮೇಣ ಮನೆಗೆ ತಂದು, ಅಪ್ಪನನ್ನು ಆರಾಮಕುರ್ಚಿಯಲ್ಲಿ ಕೂರಿಸಿ ನಾನೇ "ಕಚ್ಚಿ" ಎಂದಿದ್ದೆ. ಅವರು ಕಚ್ಚಿದ್ದರು. ಕ್ರಿಕೆಟ್ ಮುಗಿಯುವ ಮೊದಲು ನನ್ನ ಕೆಲಸ ಮುಗಿದಿತ್ತು.

ಇಪ್ಪತ್ತೇಳು ವರ್ಷದಲ್ಲಿ ಜೀವವಿರುವ ಬಾಯಿಯೊಳಗೆ ನಾನು ಕೈ ಹಾಕಿದ್ದು ಅದೊಂದೇ ಸಲ, ಅದೂ ನನ್ನಪ್ಪನ ಬಾಯಿ. ಫಿಟ್ಟಿಂಗ್ ಸರಿಯಿರಲಿಲ್ಲ. ಅವರು ನಾಲ್ಕು ದಿನ ಹೇಗೆ ಹಾಕಿಕೊಂಡಿದ್ದರೋ, ವಸಡಿಗೆ ಎಷ್ಟು ನೋವಾಗಿತ್ತೋ. ನಾನು ಒಂದು ವರ್ಷ ಮುಖ ಊದಿಸಿಕೊಂಡಿದ್ದೆ.

ತೂಕ 44.5. ಹಲ್ಲಿದ್ದಿದ್ದರೆ ಇಷ್ಟೊತ್ತಿಗೆ ಐವತ್ತಾಗಿರುತ್ತಿತ್ತು.

ನವೆಂಬರ್ 2, ಶನಿವಾರ

ಅಪ್ಪನಿಗೆ ಹೇಳಬೇಕಿತ್ತು. ಮೂರು ದಿನ ಗಂಟಲಲ್ಲಿ ಇಟ್ಟುಕೊಂಡು ತಿರುಗಿದೆ. ನಿನ್ನೆ ಗಂಜಿ ಕುಡಿಯುತ್ತ, "ಅಪ್ಪ, ಆ ಹಲ್ಲಿನ ಅಳತೆ ಸ್ವಲ್ಪ ಆಚೀಚೆ ಆಗಿತ್ತೇನೋ," ಎಂದೆ.

ಅವರು ಗಂಜಿ ಮುಗಿಸಿದರು. "ಅಳತೆ ತಪ್ಪಿದ್ರೆ ಅರ ಹಾಕಿ ಉಜ್ಜಬಾರ್ದು. ಹೊಸದೇ ಮಾಡಬೇಕು," ಎಂದರು. ಅಷ್ಟೇ. ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ವ್ಯರ್ಥವಾಯಿತು.

ಇವತ್ತು ಟ್ಯಾಕ್ಸಿಯಲ್ಲಿ ಕ್ಲಿನಿಕ್ಕಿಗೆ ಕರೆದೊಯ್ದೆ. ನಮ್ಮ ಡಾಕ್ಟರು ಹಳೆಯ ಸೆಟ್ಟನ್ನು ಬಾಯಿಗಿಟ್ಟು ನೋಡಿ ಹುಬ್ಬು ಗಂಟಿಕ್ಕಿದರು. "ಇದರ ಅಳತೆ ಯಾರ್ ತಗೊಂಡಿದ್ದು?"

ನಾನು ಪ್ಲಾಸ್ಟರ್ ಕಲಸುವ ಬಟ್ಟಲನ್ನು ಬಹಳ ಶ್ರದ್ಧೆಯಿಂದ ತೊಳೆಯತೊಡಗಿದೆ.

"ಯಾರೋ ಒಬ್ಬ ಬಂದಿದ್ದ ಡಾಕ್ಟ್ರೇ," ಎಂದರು ಅಪ್ಪ. "ಹೊಸಬ ಅನ್ಸತ್ತೆ. ಒಳ್ಳೇವನೇ, ಸ್ವಲ್ಪ ಅವಸರದೋನು."

ನವೆಂಬರ್ 9, ಶನಿವಾರ

ಹೆಂಡತಿ ಫೋನು ಮಾಡಿದ್ದಳು. ಮೊಮ್ಮಗಳು ಹುಟ್ಟಿದ್ದಾಳೆ, ಹಲ್ಲಿಲ್ಲ, ಹಸಿದಾಗ ಊರು ಕೇಳುವಂತೆ ಅಳುತ್ತಾಳಂತೆ. ಅಪ್ಪನದಕ್ಕಿಂತ ಇದೇ ಒಳ್ಳೆಯ ಪದ್ಧತಿ.

"ಮಾವ ತಿಂತಿದಾರೇನ್ರೀ?"

"ಕೇಳ್ಬೇಡ. ನನ್ನ ತಟ್ಟೇಗೂ ಕೈ ಹಾಕ್ತಾರೆ. ನಿನ್ನೆ ಎರಡು ಬಾಳೆಹಣ್ಣು ಹೋಯ್ತು."

"ನೀವು ಅಲ್ಲೇ ಕೂತಿರ್ತೀರಾ?"

"ಮತ್ತೆಲ್ಲಿ ಕೂರಲಿ? ಏಳಕ್ಕೆ ತಿನ್ನಬೇಕಲ್ಲ ಓಟಕ್ಕೆ."

"ಓಟ ಒಳ್ಳೇದೇ ಬಿಡಿ," ಎಂದಳು. ಹತ್ತು ತಿಂಗಳಿಂದ ನನ್ನ ಬೂಟು ಕಂಡರೆ ಉರಿದುಬೀಳುತ್ತಿದ್ದವಳು. ಮೊಮ್ಮಗು ಬಂದ ಸಂತೋಷದಲ್ಲಿ ಬುದ್ಧಿ ಮಂಕಾಗಿರಬೇಕು.

45.2. ಇನ್ನು ಹತ್ತು ದಿನ, ಎಂಟುನೂರು ಗ್ರಾಂ. ಹಲ್ಲು ಬರುವವರೆಗೆ ಮುಂದೆ ಹೋಗುವುದಿಲ್ಲವೇನೋ ಎಂದು ಭಯವಾಗುತ್ತದೆ.

ನವೆಂಬರ್ 16, ಶನಿವಾರ

ನಾಳೆ ಓಟ. ಶಾಸ್ತ್ರದ ಪ್ರಕಾರ ಇವತ್ತು ಕಾಲು ಮೇಲಿಟ್ಟು ಮಲಗಿ, ಎರಡು ಗಂಟೆಗೊಮ್ಮೆ ಅನ್ನವೋ ಬ್ರೆಡ್ಡೋ ತುರುಕಬೇಕಿತ್ತು. ನಾನು ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ನಿಂತಿದ್ದೆ.

ಮೇಣದಲ್ಲಿ ಜೋಡಿಸಿದ ಹಲ್ಲನ್ನು ಡಾಕ್ಟರು ನಿನ್ನೆ ಅಪ್ಪನ ಬಾಯಿಗಿಟ್ಟು, ಸರಿಯಾಗಿದೆ ಎಂದರು. "ಸೋಮವಾರ ಮುಗಿಸು, ಏನ್ ಅವಸರ?" ಎಂದೂ ಹೇಳಿದರು. ಮಂಗಳವಾರ ತೂಕ. ಸೋಮವಾರ ಕೊಟ್ಟರೆ ಒಂದೇ ದಿನ ಅಗಿದಂತಾಗುತ್ತದೆ. ಅದಕ್ಕೆ ಓಟಕ್ಕೆಂದು ಹಾಕಿದ್ದ ರಜೆಯಲ್ಲೇ ಆ ಕೋಣೆಯ ಕೀಲಿ ಇಸಕೊಂಡು ಹೋಗಿ, ಮೇಣ ಕರಗಿಸಿ, ವಸಡಿನ ಬಣ್ಣದ ಪ್ಲಾಸ್ಟಿಕ್ ಹಿಟ್ಟನ್ನು ಅಚ್ಚಿಗೆ ಒತ್ತಿ, ಬೇಯಿಸಿ, ತೆಗೆದು ಉಜ್ಜಿದೆ. ಬೇಯಲು ಇಟ್ಟಾಗ ಕೂರಬಹುದಿತ್ತು, ಕೂರಲಾಗಲಿಲ್ಲ. ಇಡೀ ದಿನ ತಿಂದದ್ದು ಒಂದು ಬನ್ನು. ಕೋಚ್‌ಗೆ ಕೊಡುವ ಪಟ್ಟಿಯಲ್ಲಿ ಏಳು ಊಟ ಬರೆದೆ.

ಮನೆಗೆ ಬಂದು ಕೈ ತೊಳೆದು, ಮೊದಲು ಮೇಲಿನದು, ಆಮೇಲೆ ಕೆಳಗಿನದು ಹಾಕಿದೆ. ಅಪ್ಪ ಬಾಯಿ ಮುಚ್ಚಿದರು. ಎಡಕ್ಕೆ ಬಲಕ್ಕೆ ಆಡಿಸಿದರು. ಒಮ್ಮೆ ಕಚ್ಚಿದರು, ಇನ್ನೊಮ್ಮೆ ಕಚ್ಚಿದರು. ಕಣ್ಣು ಮುಚ್ಚಿಕೊಂಡು ಮಿಲ್ಲಿನ ಯಂತ್ರದ ಸದ್ದು ಕೇಳುವವರ ಹಾಗೆ ಕೂತಿದ್ದರು.

"ಈಗ ಕೂತಿದೆ," ಎಂದರು.

ಬ್ರೆಡ್ಡಿನ ಗಟ್ಟಿ ಅಂಚು ಕೇಳಿ ತೆಗೆದುಕೊಂಡು ತಿಂದರು. ನನಗೆ ಅಳು ಬಂತು. ಉಪ್ಪಿನಂಶ ಕಡಿಮೆಯಾದರೆ ಹೀಗೆಲ್ಲ ಆಗುತ್ತದೆಂದು ಎಲ್ಲೋ ಓದಿದ್ದೆ. ಅದಿರಬಹುದು, ಅಥವಾ ಇಲ್ಲದಿರಬಹುದು. ಅಳು ಬಂದದ್ದಂತೂ ನಿಜ.

ನವೆಂಬರ್ 17, ಭಾನುವಾರ

ಓಟ ಆರಕ್ಕೆ, ಆದ್ದರಿಂದ ತಿಂಡಿ ಮೂರಕ್ಕೆ. ಸದ್ದು ಮಾಡದೆ ಬ್ರೆಡ್ಡು ಸುಡುತ್ತಿದ್ದರೆ ಅಪ್ಪನ ಕೋಣೆಯಿಂದ, "ಆಯ್ತೇನೋ?" ಎಂದು ಕೂಗು. ಹಲ್ಲು ಹಾಕಿಕೊಂಡು, ತಲೆ ಬಾಚಿಕೊಂಡು ಕೂತಿದ್ದರು. ನನಗೆಂದು ಸುಟ್ಟಿದ್ದು ಆರು ತುಂಡು. ನಾಲ್ಕನ್ನು ಅವರೇ ಮುಗಿಸಿದರು. ನಾನು ಏನೂ ಅನ್ನಲಿಲ್ಲ, ಕರಕರ ಸದ್ದು ಚೆನ್ನಾಗಿತ್ತು.

ಹೊಟ್ಟೆ ಕೊನೆಯವರೆಗೂ ತೊಂದರೆ ಕೊಡಲಿಲ್ಲ. ತೊಂದರೆ ಕೊಡಲು ಅದರಲ್ಲಿ ಏನೂ ಇರಲಿಲ್ಲ. ಮೂವತ್ನಾಲ್ಕನೇ ಕಿಲೋಮೀಟರಿನಲ್ಲಿ ಕಾಲು ಕೆಲಸ ನಿಲ್ಲಿಸಿತು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಉಣ್ಣದಿದ್ದರೂ ಅದೇ ಗತಿ. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತೆ, ಹಿಂದುಳಿದವರನ್ನು ಗುಡಿಸಿಕೊಂಡು ಬರುವ ವ್ಯಾನು ನನ್ನನ್ನೂ ಹತ್ತಿಸಿಕೊಂಡಿತು. ಒಳಗೆ ಏಳು ಜನರಿದ್ದೆವು. ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದೆವು.

ಕೋಚ್ ಫೋನಿನಲ್ಲಿ, "ಏಳು ಊಟ ಮಾಡಿದೀರ, ಅದ್ಹೇಗೆ ಸಾರ್ ಹೀಗಾಯ್ತು?" ಎಂದು ತಲೆ ಕೆಡಿಸಿಕೊಂಡಿದ್ದ. ಪಾಪ, ಅವನ ಶಾಸ್ತ್ರವೇ ಬುಡಮೇಲಾಗಿದೆ.

ಮನೆಗೆ ಬಂದರೆ, "ಎಷ್ಟಾಯ್ತು?" ಎಂದರು ಅಪ್ಪ.

"ಮೂವತ್ನಾಲ್ಕು. ಎಂಟು ಬಾಕಿ."

"ನಾನು ಬಾತ್‌ರೂಮಿಗೆ ಹೋಗ್ತಾ ಅರ್ಧ ದಾರೀಲಿ ನಿಂತ್ಕೊಂಡ್ರೆ ನೀನು ಬೈತೀಯ," ಎಂದರು.

ನವೆಂಬರ್ 19, ಮಂಗಳವಾರ

46.1.

ನರ್ಸ್ ಎರಡು ಸಲ ನೋಡಿದರು. ಅಪ್ಪನ ಜೇಬು ತಡಕಿ ಅಂತ ನಾನೇ ಹೇಳಿದೆ. ಡಾಕ್ಟರು ಡಿಸೆಂಬರ್ ನಾಲ್ಕಕ್ಕೆ ಆಪರೇಷನ್ ಬರೆದುಕೊಟ್ಟರು. ಆರು ವಾರದಲ್ಲಿ ಏನು ಮಾಡಿದಿರಿ ಎಂದು ಕೇಳಿದರು.

"ಹಲ್ಲು ಸರ್," ಎಂದೆ. "ಹಳೇದರಲ್ಲಿ ಅಳತೆ ತಪ್ಪಿತ್ತು. ಹೊಸದು ಮಾಡಿ ಹಾಕಿದೆ, ತಿನ್ನೋಕೆ ಶುರು ಮಾಡಿದ್ರು." ದವಡೆಯ ಬಗ್ಗೆ ಸಣ್ಣದೊಂದು ಉಪನ್ಯಾಸವನ್ನೂ ಕೊಟ್ಟೆ.

ನರ್ಸ್ ನಾನು ಮನೆಯ ಯಂತ್ರದ ತೂಕ ಬರೆದು ತಂದಿದ್ದ ಚೀಟಿ ನೋಡುತ್ತಿದ್ದರು. "ಹಲ್ಲು ಯಾವತ್ತು ಹಾಕಿದ್ದು?"

"ಮೊನ್ನೆ ಶನಿವಾರ."

"ತೂಕ ಹೋದ್ ತಿಂಗಳಿಂದಾನೇ ಏರ್ತಿದೆಯಲ್ಲಾ."

ಯಂತ್ರ ಹಳೆಯದು ಎಂದೆ. ಅಪ್ಪ ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಸಂಜೆ ಬೇಗ ಅಡಿಗೆ ಮುಗಿಸಿದೆ. ಓಟ ಮುಗಿದಿದೆ, ಹೆಂಡತಿ ಬರುವ ವಾರ ಬರುತ್ತಾಳೆ, ಇನ್ನು ಖಾರ ತಿನ್ನಬಹುದು, ಹುರಿದದ್ದು ತಿನ್ನಬಹುದು, ಟೀವಿ ನೋಡಬಹುದು. ಅಪ್ಪನ ತಟ್ಟೆ ಒಯ್ದು ಮಂಚದ ಮೇಲಿಟ್ಟೆ. ಕಾಲು ಇನ್ನೂ ಊದಿಕೊಂಡಿದ್ದರಿಂದ ಬಾಗಿಲ ಹತ್ತಿರವೇ ಗೋಡೆ ಹಿಡಿದು ನಿಂತಿದ್ದೆ.

ಅಪ್ಪ ತಟ್ಟೆಗೆ ಕೈ ಹಾಕಲಿಲ್ಲ. ಖಾಲಿ ಸ್ಟೂಲು ನೋಡಿದರು, ಆಮೇಲೆ ನನ್ನನ್ನು. "ಓಟ ಮುಗೀತಲ್ಲ. ಇನ್ಮೇಲೆ ಒಂಬತ್ತಕ್ಕೇನಾ ನಿಂದು?" ಎಂದು ಕೇಳಿದರು. ಏನೋ ಬಸ್ಸಿನ ವೇಳೆ ಕೇಳುವವರಂತೆ, ಸಹಜವಾಗಿ.

ಆ ಚೀಟಿಯಲ್ಲಿ ನರ್ಸ್ ಓದಿದ್ದು ನನಗೆ ಆಗ ಓದಲು ಬಂತು.

"ಎಲ್ಲಿ ಮುಗೀತು?" ಎಂದೆ. "ಇನ್ನೊಂದು ಓಟಕ್ಕೆ ಹೆಸರು ಕೊಟ್ಟಿದೀನಿ."

"ಯಾವಾಗ?"

"ಇನ್ನೂ ತುಂಬ ದಿನ ಇದೆ."

"ಹಾಗಾದ್ರೆ ತಟ್ಟೆ ತಗೊಂಡ್ ಬಾ, ಆರತ್ತೆ," ಎಂದು ಸ್ಟೂಲನ್ನು ವಾಕರಿನಿಂದ ನನ್ನ ಕಡೆ ತಳ್ಳಿದರು.

ಊಟ ಮುಗಿಸಿ ಬಂದು, ಮುಂದಿನ ಓಟ ಎಲ್ಲಿದೆಯೆಂದು ಹುಡುಕಿದೆ. ಹೆಸರು ಕೊಟ್ಟೆ. ಕಾಲಿನ ಹೆಬ್ಬೆರಳಿನ ಉಗುರು ಎರಡೂ ಕಪ್ಪಾಗಿವೆ, ಮೆಟ್ಟಿಲು ಹಿಮ್ಮುಖವಾಗಿ ಇಳಿಯಬೇಕು.